ಹಳೆಯ ಮಿಕ್ಸರ್ ಎಲ್ಲಿಗೆ ಹೋಗುತ್ತದೆ?

ಅಂಕಣ: ಅಡಿಗೆಮನೆಯ ಕಿಟಕಿಯಿಂದ



ದೀಪಾವಳಿಗೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ನಮ್ಮ ಕನ್ನಡದ ಮನೆಗಳಲ್ಲಿ, ಅದು ಮಯೂರ ಕಾಲನಿಯಲ್ಲಿರಲಿ, ಡಹಾಣೂಕರ ಕಾಲನಿಯಲ್ಲಿರಲಿ, ಒಂದು ಕೆಲಸ ತಪ್ಪದೆ ನಡೆಯುತ್ತದೆ. ಮನೆಯಲ್ಲಿ ಎತ್ತರವಾಗಿ ಬೆಳೆದ ಮಗನನ್ನೋ ಮಗಳನ್ನೋ ಸ್ಟೂಲಿನ ಮೇಲೆ ಹತ್ತಿಸಿ ಅಡಿಗೆಮನೆಯ ಮಾಳಾದ ಸಾಮಾನು ಇಳಿಸುವುದು. ಏನೇನು ಇಳಿಯುತ್ತದೆ ನೋಡಿ! ಅಮ್ಮನ ಮದುವೆಯಲ್ಲಿ ಬಂದ ಮಿಕ್ಸರ್, ಅದರ ಮುಚ್ಚಳವಿಲ್ಲದ ಎರಡು ಜಾರು, ತಂತಿ ಸುಟ್ಟುಹೋದ ಸುರುಳಿ ಒಲೆ, ಒಂದೇ ಬದಿ ಸುಡುವ ಟೋಸ್ಟರ್, ಯಾರೋ ವಾಸ್ತುಶಾಂತಿಗೆ ಕೊಟ್ಟ ಸ್ಯಾಂಡ್‌ವಿಚ್ ಯಂತ್ರ, ಎರಡು ವರ್ಷದ ಹಿಂದೆ ಕಣ್ಣು ಮುಚ್ಚಿದ ನೀರಿನ ಫಿಲ್ಟರ್. ಎಲ್ಲವನ್ನೂ ಒರೆಸಿ, ಕೆಳಗೆ ಹೊಸ ಪೇಪರ್ ಹಾಸಿ, ಮತ್ತೆ ಮೇಲಕ್ಕೇ ಏರಿಸುತ್ತಾರೆ. "ಇಷ್ಟು ಚಲೋ ಅದ, ಒಗೀಲಿಕ್ಕೆ ಮನಸ್ಸು ಹ್ಯಾಂಗ ಬರ್ತದ?" ಎಂಬುದು ನಮ್ಮ ಧಾರವಾಡ ಕಡೆಯವರ ಮಾತು.

ನೀವು ನಗುತ್ತೀರಿ. "ಅಮ್ಮಾ, ಭಂಗಾರವಾಲಾಗೆ ಕೊಟ್ಟು ಮುಗಿಸು" ಎನ್ನುತ್ತೀರಿ. ನಮ್ಮ ಪೀಳಿಗೆಗೆ ಕೂಡಿಡುವ ಚಟ, ನಿಮ್ಮ ಪೀಳಿಗೆಗೆ ಮುಗಿಸುವ ಅವಸರ. ನಾನು ಈ ಸಲ ಇಬ್ಬರ ಪಕ್ಷವನ್ನೂ ವಹಿಸುವುದಿಲ್ಲ. ಯಾಕೆಂದರೆ ಇಬ್ಬರೂ ಒಂದು ಪ್ರಶ್ನೆ ಕೇಳುತ್ತಿಲ್ಲ. ಮನೆಯ ಹೊಸ್ತಿಲು ದಾಟಿದ ಮೇಲೆ ಆ ಮಿಕ್ಸರ್ ಯಾರ ಕೈಗೆ ಹೋಗುತ್ತದೆ, ಆ ಕೈ ಅದನ್ನು ಏನು ಮಾಡುತ್ತದೆ?

ನಮ್ಮ ಅಜ್ಜಿಯರ ಕಾಲಕ್ಕೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಅಡಿಗೆಮನೆಯಲ್ಲಿ ಇದ್ದದ್ದು ಕಲ್ಲು, ಕಟ್ಟಿಗೆ, ಮಣ್ಣು, ಹಿತ್ತಾಳೆ, ತಾಮ್ರ, ಕಬ್ಬಿಣ. ಹಿತ್ತಾಳೆ ಪಾತ್ರೆಯ ಕಲಾಯಿ ಹೋದರೆ ಕಲಾಯಿ ಹಾಕುವವನು ಓಣಿಗೇ ಬರುತ್ತಿದ್ದ. ತೂತು ಬಿದ್ದರೆ ಬೆಸುಗೆ. ಬೆಸುಗೆಗೂ ಬಾರದಿದ್ದರೆ ಮೋಡಕಾ ಅಂಗಡಿಗೆ. (ಬೆಂಗಳೂರು, ಮೈಸೂರು ಕಡೆಯ ಮನೆಯವರು ಇದನ್ನೇ ಗುಜರಿ ಎನ್ನುತ್ತಾರೆ. ಪುಣೆಯಲ್ಲಿ ಹುಟ್ಟಿದ ನಿಮಗೆ ಭಂಗಾರ ಎಂದರೇ ತಿಳಿದೀತು. ನಮ್ಮ ಬಂಗಾರಕ್ಕೂ ಈ ಭಂಗಾರಕ್ಕೂ ಸಂಬಂಧವಿಲ್ಲ, ಆದರೂ ಪೂರ್ತಿ ಇಲ್ಲವೆಂದೂ ಹೇಳಲಾರೆ!) ಒಂದು ಹಂಡೆಯೆಂದರೆ ಒಂದೇ ಲೋಹ. ಕರಗಿಸಿದರೆ ಮತ್ತೆ ಹಂಡೆ. ಪುಣೆಯ ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ತಾಮ್ರ ಬಡಿಯುವ ಸದ್ದು ಕೇಳಿದವರಿಗೆ ಇದು ಗೊತ್ತು.

ಮಿಕ್ಸರ್ ಹಾಗಲ್ಲ. ಅದರ ಹೊಟ್ಟೆಯಲ್ಲಿ ತಾಮ್ರದ ಅಥವಾ ಅಲ್ಯುಮಿನಿಯಮ್ಮಿನ ಸುತ್ತು, ಉಕ್ಕಿನ ತೆಳ್ಳನೆಯ ಹಾಳೆಗಳು, ಇದ್ದಿಲಿನ ಬ್ರಶ್ಶು, ರಬ್ಬರಿನ ಪಾದ, ಪ್ಲಾಸ್ಟಿಕ್ಕಿನ ಮೈ, ಪಿ.ವಿ.ಸಿ. ಹೊದಿಸಿದ ತಂತಿ ಎಲ್ಲ ಇವೆ. ಇಂಡಕ್ಷನ್ ಒಲೆ, ಮೈಕ್ರೊವೇವ್ ಮುಂತಾದವುಗಳಲ್ಲಿ ಇವುಗಳ ಜೊತೆಗೆ ಸರ್ಕಿಟ್ ಬೋರ್ಡ್ ಇರುತ್ತದೆ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. ಗುಜರಿಯವನಿಗೆ ಬೇಕಾದದ್ದು ಮುಖ್ಯವಾಗಿ ತಾಮ್ರ. ತಂತಿಯ ಮೇಲಿನ ಪ್ಲಾಸ್ಟಿಕ್ ಚರ್ಮವನ್ನು ಚಾಕುವಿನಿಂದ ಸುಲಿಯುತ್ತ ಕೂತರೆ ದಿನವೇ ಹೋಗುತ್ತದೆ. ಬೆಂಕಿಗೆ ಹಾಕಿದರೆ ಹತ್ತು ನಿಮಿಷ. ದಿನಗೂಲಿಯ ಲೆಕ್ಕದಲ್ಲಿ ಬದುಕುವವನು ಯಾವುದನ್ನು ಆರಿಸಿಕೊಂಡಾನು ಹೇಳಿ. ಆ ಕಪ್ಪು ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಇರುತ್ತದೆ, ಡಯಾಕ್ಸಿನ್ ಎಂಬ ವಿಷ ಇರುತ್ತದೆ. ಡಯಾಕ್ಸಿನ್ ದೇಹದ ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಹೊರಡುವುದಿಲ್ಲ. ಆ ಬೆಂಕಿಯ ಸುತ್ತ ಕೂತಿರುವವರಲ್ಲಿ ಬಹಳ ಸಲ ನಿಮಗಿಂತ ಚಿಕ್ಕವರೂ ಇರುತ್ತಾರೆ.

ನಮ್ಮ ದೇಶದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆದ ಊರುಗಳಲ್ಲಿ ದಿಲ್ಲಿಯ ಸೀಲಂಪುರ ಒಂದು, ಉತ್ತರ ಪ್ರದೇಶದ ಮುರಾದಾಬಾದ್ ಇನ್ನೊಂದು. ಮುರಾದಾಬಾದ್ ಹೆಸರು ಎಲ್ಲೋ ಕೇಳಿದ ಹಾಗಿದೆಯೇ? ಹಿತ್ತಾಳೆ ಸಾಮಾನಿಗೆ ದೇಶದಲ್ಲೆಲ್ಲ ಪ್ರಸಿದ್ಧವಾದ ಊರು ಅದು. ನಿಮ್ಮ ಮನೆಯ ದೇವರ ಮುಂದಿನ ದೀಪ, ಗಂಟೆ ಅಲ್ಲಿಂದ ಬಂದದ್ದೇ ಇರಬಹುದು. ಹಿತ್ತಾಳೆ ಕರಗಿಸುವ ಕೈಗಳಿಗೆ ಕುಲುಮೆಯ ಅಭ್ಯಾಸ ಇತ್ತು. 2010ರ ದಶಕದಲ್ಲಿ ಅಲ್ಲಿ ರಾಮಗಂಗಾ ನದಿಯ ದಂಡೆಯ ಮೇಲೆ ದೇಶದ ಮೂಲೆಮೂಲೆಯಿಂದ ಬಂದ ಸರ್ಕಿಟ್ ಬೋರ್ಡುಗಳನ್ನು ಸುಟ್ಟು, ಬೂದಿಯನ್ನು ನದಿಯಲ್ಲಿ ತೊಳೆದು ಲೋಹ ತೆಗೆಯುತ್ತಿದ್ದರು. ಮಣ್ಣು, ನೀರು ಎರಡರಲ್ಲೂ ಭಾರ ಲೋಹಗಳು ಸೇರಿದವು. ಕಡೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದಂಡ ವಿಧಿಸುವ ಆಜ್ಞೆ ಕೊಡಬೇಕಾಯಿತು. ದೀಪ ಆ ಊರಿಂದ ನಮ್ಮ ಮನೆಗೆ ಬಂತು, ನಮ್ಮಂಥವರ ಮನೆಗಳ ವಿಷ ಆ ಊರಿಗೆ ಹೋಯಿತು.

ದೂರದ ಮಾತು ಬೇಡ, ನಮ್ಮ ಕೋಥರೂಡಕ್ಕೇ ಬನ್ನಿ. ಪೌಡ ರಸ್ತೆಯ ವನಾಜ ಹತ್ತಿರ ಹಳಬರು ಇವತ್ತಿಗೂ ವಿಳಾಸ ಹೇಳುವಾಗ "ಕಚರಾ ಡೆಪೋ" ಎನ್ನುವುದನ್ನು ನೀವು ಕೇಳಿರಬೇಕು. ವರ್ಷಗಟ್ಟಲೆ ಪುಣೆಯ ಕಸ ಬಿದ್ದ ಜಾಗ ಅದು. ಆಮೇಲೆ ಕಸ ಊರಿನ ಇನ್ನೊಂದು ಮಗ್ಗುಲಿಗೆ, ಉರುಳಿ ದೇವಾಚಿ ಮತ್ತು ಫುರಸುಂಗಿ ಹಳ್ಳಿಗಳ ಕಡೆಗೆ ಹೋಯಿತು. ಇಲ್ಲಿಯ ಜಾಗದಲ್ಲಿ ಮೆಟ್ರೋ ಗಾಡಿಗಳು ನಿಲ್ಲುವ ಡೆಪೋ ಕಟ್ಟಿದರು. 2022ರ ಮಾರ್ಚ್ 6ರಂದು ವನಾಜದಿಂದ ಗರವಾರೆ ಕಾಲೇಜಿನವರೆಗೆ ಮೆಟ್ರೋ ಓಡಿತು. ನಾವೆಲ್ಲ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಫೋಟೋ ತೆಗೆಸಿಕೊಂಡೆವು. ನಮ್ಮ ಬದಿ ಸ್ವಚ್ಛವಾಯಿತು, ಸಂತೋಷವೇ. ಆದರೆ ಫುರಸುಂಗಿಯ ಜನ ತಮ್ಮ ಬಾವಿಯ ನೀರು ಕೆಟ್ಟಿತೆಂದು, ಕಸದ ಲಾರಿಗಳನ್ನು ಬಿಡುವುದಿಲ್ಲವೆಂದು ಎಷ್ಟು ಸಲ ರಸ್ತೆಗಿಳಿದರೋ! ಕಸ ಹೋಗುವುದಿಲ್ಲ, ವಿಳಾಸ ಬದಲಿಸುತ್ತದೆ ಅಷ್ಟೆ.

ಧಾರವಾಡದಲ್ಲಿ ಬಿ.ಎ. ಓದುವಾಗ ನಮಗೆ ಡಿಕನ್ಸನ ಪರಿಚಯವಾಗಿತ್ತು. 'ಅವರ್ ಮ್ಯೂಚುಅಲ್ ಫ್ರೆಂಡ್' ಎಂಬ ಅವನ ಕಾದಂಬರಿಯಲ್ಲಿ (1864-65) ಇಡೀ ಆಸ್ತಿ ಇರುವುದೇ ಲಂಡನ್ನಿನ ಕಸದ ಗುಡ್ಡೆಗಳಲ್ಲಿ. ಕಸದಿಂದ ರಸ ಎಂಬ ನಮ್ಮ ಗಾದೆಯನ್ನು ಅವನು ದೊಡ್ಡ ಕಾದಂಬರಿಯನ್ನೇ ಮಾಡಿದ್ದಾನೆ ಎಂದು ಆಗ ನಕ್ಕಿದ್ದೆವು. ರಸ ಯಾರಿಗೆ, ಕಸ ಯಾರಿಗೆ ಎಂಬ ಪ್ರಶ್ನೆ ಪರೀಕ್ಷೆಗೆ ಬರಲಿಲ್ಲ.

ಆ ಪ್ರಶ್ನೆಯನ್ನು ಪುಣೆಯಲ್ಲಿ ಕೆಲವರು ಕೇಳಿದರು. ಅದೂ ನೀವು ದಿನಾ ಬಸ್ಸಿನಲ್ಲಿ ಹಾದುಹೋಗುವ ಕರ್ವೆ ರಸ್ತೆಯಲ್ಲೇ. ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಪ್ರೌಢ ಶಿಕ್ಷಣ ವಿಭಾಗದವರು ಕಸ ಆಯುವ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುತ್ತಿದ್ದರು. 1993ರಲ್ಲಿ ಬಾಬಾ ಆಢಾವ ಅವರ ಮುಂದಾಳತ್ವದಲ್ಲಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ' ಎಂಬ ಸಂಘಟನೆ ಹುಟ್ಟಿತು. ಕಾಗದ, ಗಾಜು, ತಗಡು ಆಯುವವರ ಸಂಘ ಎಂದು ಅರ್ಥ. ಅದೇ ದಶಕದಲ್ಲಿ ಅವರಿಗೆ ಮಹಾನಗರಪಾಲಿಕೆ ಮಾನ್ಯ ಮಾಡಿದ ಗುರುತಿನ ಚೀಟಿ ಸಿಕ್ಕಿತು. ಕುತ್ತಿಗೆಯಲ್ಲಿ ಒಂದು ಚೀಟಿ ಬಂದರೆ ಏನು ಮಹಾ ಎನ್ನಬೇಡಿ. ತಲೆಯ ಮೇಲೆ ಚೀಲ ಹೊತ್ತು ಹೋಗುವ ಹೆಂಗಸನ್ನು ಕಳ್ಳಿ ಎಂದು ಹಿಡಿದು ಕೂಡಿಸುತ್ತಿದ್ದ ಕಾಲ ಅದು. 2007ರಲ್ಲಿ ಈ ಹೆಣ್ಣುಮಕ್ಕಳದೇ ಸಹಕಾರಿ ಸಂಸ್ಥೆ 'ಸ್ವಚ್ಛ' ನೋಂದಣಿಯಾಯಿತು, 2008ರಲ್ಲಿ ಪಾಲಿಕೆಯ ಜೊತೆ ಒಪ್ಪಂದವಾಗಿ ಮನೆಮನೆಯ ಕಸ ಒಯ್ಯಲು ತೊಡಗಿತು. ಮೂರು ಸಾವಿರಕ್ಕೂ ಹೆಚ್ಚು ಸದಸ್ಯರು. ಒಣ ಕಸದಲ್ಲಿ ಮಾರಾಟಕ್ಕೆ ಬರುವುದೆಲ್ಲ ಅವರ ಸಂಪಾದನೆ. ನಿಮಗೆ ಇನ್ನೊಂದು ಮಾತು ಹೇಳಬೇಕು. ಪುಣೆಯ ಈ ಸಂಘಟನೆಯಲ್ಲಿ ದುಡಿದ ನಳಿನಿ ಶೇಖರ್ ಅವರೇ ಮುಂದೆ ಬೆಂಗಳೂರಿನಲ್ಲಿ ಕಸ ಆಯುವವರಿಗಾಗಿ 'ಹಸಿರು ದಳ' ಕಟ್ಟಿದವರಲ್ಲಿ ಒಬ್ಬರು. ಪುಣೆಯಿಂದ ಕನ್ನಡ ನಾಡಿಗೆ ಹೋದದ್ದು ಬರೀ ಬಾಕರವಡಿ ಅಲ್ಲ!

ಈಗ ಕೆಲಸದ ಮಾತಿಗೆ ಬರೋಣ. ಹಳೆಯ ಯಂತ್ರ ಕೈಯಲ್ಲಿದೆ. ಮೊದಲು ಅದು ನಿಜವಾಗಿ ಸತ್ತಿದೆಯೇ ನೋಡಿ. ಇದನ್ನು ಹೇಳಲು ನಾಚಿಕೆಯಾಗುವಷ್ಟು ಸಲ ನೋಡಿದ್ದೇನೆ, ಮಿಕ್ಸರ್ ನಿಂತಿತು ಎಂದು ಹೊಸತು ತಂದವರ ಮನೆಯಲ್ಲಿ ಹಳೆಯದನ್ನು ತಲೆಕೆಳಗು ಮಾಡಿ ತಳದ ಕೆಂಪು ಗುಂಡಿ ಒತ್ತಿದರೆ ತಿರುಗುತ್ತದೆ. ಗಟ್ಟಿ ಚಟ್ನಿಯೋ, ನೆನೆಯದ ಉದ್ದಿನಬೇಳೆಯೋ ಹಾಕಿ ಭಾರ ಹೆಚ್ಚಾದಾಗ ಮೋಟಾರು ಸುಡಬಾರದೆಂದು ತಾನೇ ನಿಲ್ಲುವ ಏರ್ಪಾಡು ಅದು. ಸ್ವಲ್ಪ ಆರಲು ಬಿಟ್ಟು ಗುಂಡಿ ಒತ್ತಬೇಕು, ಅಷ್ಟೆ. ಅದೂ ಅಲ್ಲವಾದರೆ ಇದ್ದಿಲಿನ ಬ್ರಶ್ಶು ಸವೆದಿರಬಹುದು, ಜಾರು ಕೂರುವ ಕಡೆಯ ಪ್ಲಾಸ್ಟಿಕ್ ಹಲ್ಲು ಮುರಿದಿರಬಹುದು. ಎರಡೂ ಒಂದು ಮಸಾಲೆ ದೋಸೆಯ ಆಸುಪಾಸಿನ ಬೆಲೆಯವು. ಫ್ರಿಜ್ಜಿನ ಬಾಗಿಲ ರಬ್ಬರು ಸಡಿಲವಾದರೆ ಫ್ರಿಜ್ಜನ್ನೇ ಬದಲಿಸುವವರಿಗೆ ಏನು ಹೇಳೋಣ? ಕರ್ವೆ ಪುತ್ಥಳಿಯ ಸುತ್ತಮುತ್ತ ಹುಡುಕಿದರೆ ರಿಪೇರಿಯವರು ಇನ್ನೂ ಸಿಗುತ್ತಾರೆ. ನೀವು ಹೋಗದಿದ್ದರೆ ಅವರೂ ಸಿಗುವುದಿಲ್ಲ.

ಸತ್ತದ್ದು ಖಾತ್ರಿಯಾಯಿತು ಅನ್ನಿ. ಆಗ ನಮ್ಮವರಿಗೆ ಹೊಳೆಯುವ ಸುಲಭದ ದಾರಿ ಒಂದಿದೆ, ಮನೆಗೆಲಸದ ಮಾವಶಿಗೆ ಕೊಟ್ಟುಬಿಡುವುದು. ನಮ್ಮ ಕಟ್ಟಡದಲ್ಲಿ ನಡೆದದ್ದನ್ನು ಹೇಳುತ್ತೇನೆ. ಹಿಂಜವಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ, ಒಳ್ಳೆಯ ಹುಡುಗನೇ, ಮನೆ ಬದಲಿಸುವಾಗ ಕಿಡಿ ಹಾರುತ್ತಿದ್ದ ಮೈಕ್ರೊವೇವನ್ನು ಮಾವಶಿಗೆ ಕೊಟ್ಟ. ಸಣ್ಣ ರಿಪೇರಿ ಇದೆ, ಮಾಡಿಸಿಕೋ ಎಂದ. ಅವಳಿಗೆ ಹಿಗ್ಗು. ನೂರು ರೂಪಾಯಿಗೂ ಮೇಲೆ ರಿಕ್ಷಾಕ್ಕೆ ಕೊಟ್ಟು, ಸುತಾರದರಾದ ಗುಡ್ಡದ ಮೆಟ್ಟಿಲು ಹತ್ತಿಸಿ ಮನೆಗೆ ಒಯ್ದಳು. ರಿಪೇರಿಯವನು ಹೇಳಿದ ಮೊತ್ತ ಅವಳ ಅರ್ಧ ತಿಂಗಳ ಪಗಾರ. ಹತ್ತಡಿ ಖೋಲಿಯಲ್ಲಿ ಅದು ಕಪಾಟಿನಂತೆ ಕೂತಿತು. ಹತ್ತನೆಯ ತರಗತಿಯಲ್ಲಿದ್ದ ಅವಳ ಮಗ ಒಳಗಿನ ತಾಮ್ರ ತೆಗೆದು ಮಾರೋಣವೆಂದು ಸ್ಕ್ರೂ ಬಿಚ್ಚಲು ಕೂತಿದ್ದಾಗ ಪಕ್ಕದ ಮನೆಯ ವಾಯರಮನ್ ನೋಡಿ ಬೈದು ಎಬ್ಬಿಸಿದ. ಪುಣ್ಯ! ಮೈಕ್ರೊವೇವಿನ ಒಳಗೆ ಕೆಪ್ಯಾಸಿಟರ್ ಎಂಬ ಡಬ್ಬಿ ಇರುತ್ತದೆ. ಎರಡು ಸಾವಿರ ವೋಲ್ಟಿನ ಆಸುಪಾಸಿನ ವಿದ್ಯುತ್ತನ್ನು ಅದು ಹಿಡಿದಿಟ್ಟುಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯಬಲ್ಲದು.

ಆ ಹುಡುಗ ದಾನ ಮಾಡಿದೆ ಎಂದುಕೊಂಡಿದ್ದ. ಅವನು ಮಾಡಿದ್ದು ದಾನವಲ್ಲ, ತನ್ನ ಕಸವನ್ನು ಇಲ್ಲ ಎನ್ನಲಾಗದವಳ ತಲೆಗೆ ಹೊರಿಸಿದ್ದು. ಮಾತು ಕಟುವಾಯಿತು, ಆದರೆ ಸುತ್ತಿ ಬಳಸಿ ಹೇಳುವ ವಿಷಯ ಇದಲ್ಲ. ಕೊಡುವುದಾದರೆ ನಡೆಯುವುದನ್ನು ಕೊಡಿ. ಕೆಟ್ಟಿದ್ದರೆ ನೀವೇ ರಿಪೇರಿ ಮಾಡಿಸಿ, ಅವಳ ಮುಂದೆ ಹಚ್ಚಿ ತೋರಿಸಿ ಕೊಡಿ. ಮೊದಲು "ಬೇಕೇನು?" ಎಂದು ಕೇಳಿ. ಬೇಡ ಎಂದರೆ ಮುಖ ಸಣ್ಣದು ಮಾಡಬೇಡಿ. ಅನಾಥಾಲಯ, ವೃದ್ಧಾಶ್ರಮಗಳಿಗೆ ಕೊಡುವಾಗಲೂ ಇದೇ ಮಾತು. ಅವರ ಅಂಗಳ ನಮ್ಮ ಮಾಳಾದ ಮುಂದುವರಿಕೆ ಅಲ್ಲ.

ಇನ್ನು ಫ್ರಿಜ್ಜು. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಯಾಕೆಂದರೆ ಅಡಿಗೆಮನೆಯ ಯಂತ್ರಗಳಲ್ಲಿ ಎಲ್ಲಕ್ಕಿಂತ ಜೋಕೆ ಬೇಕಾದದ್ದು ಇದೇ. ಇದರ ಕೊಳವೆಗಳಲ್ಲಿ ತಂಪು ಮಾಡುವ ಅನಿಲ ಇರುತ್ತದೆ. 2003ಕ್ಕಿಂತ ಹಿಂದಿನ ಫ್ರಿಜ್ಜಾದರೆ ಅದು ಆರ್-12 ಇರುವ ಸಾಧ್ಯತೆ ಹೆಚ್ಚು. ಓಝೋನ್ ಪದರಿಗೆ ತೂತು ಹಾಕಿದ ಸಿ.ಎಫ್.ಸಿ. ಜಾತಿಯದು. 1987ರ ಮಾಂಟ್ರಿಯಲ್ ಒಪ್ಪಂದ ಇದನ್ನು ನಿಲ್ಲಿಸಲೆಂದೇ ಆದದ್ದು, ಭಾರತ 1992ರಲ್ಲಿ ಅದಕ್ಕೆ ಸೇರಿತು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಈ ಅನಿಲ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 10,000 ಪಟ್ಟು ಬಲವಾದದ್ದು. ಅದರ ನಂತರ ಬಂದ ಆರ್-134ಎ ಓಝೋನಿಗೆ ತೊಂದರೆ ಕೊಡುವುದಿಲ್ಲ, ಆದರೆ ಬಿಸಿ ಮಾಡುವುದರಲ್ಲಿ ಅದೂ ಸುಮಾರು 1,400 ಪಟ್ಟು. ಒಂದು ಫ್ರಿಜ್ಜಿನಲ್ಲಿ ಇರುವುದು ನೂರು ನೂರೈವತ್ತು ಗ್ರಾಮ್ ಅಷ್ಟೆ. ಆ ನೂರು ಗ್ರಾಮ್ ಗಾಳಿಗೆ ಹೋದರೆ 140 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಈಗಿನ ಹೊಸ ಫ್ರಿಜ್ಜುಗಳಲ್ಲಿ ಬಹುಪಾಲು ಆರ್-600ಎ ಇರುತ್ತದೆ. ಅದು ಹವೆಗೆ ಸೌಮ್ಯ, ಆದರೆ ನಿಮ್ಮ ಅಡಿಗೆ ಗ್ಯಾಸಿನ ಹಾಗೆ ಹೊತ್ತಿಕೊಳ್ಳುವಂಥದ್ದು. ಯಾವುದು ಇದೆ ಎಂದು ಫ್ರಿಜ್ಜಿನ ಹಿಂದಿನ ಅಥವಾ ಒಳಬದಿಯ ಚೀಟಿಯಲ್ಲಿ ಬರೆದಿರುತ್ತದೆ, ಓದಿ.

ಗುಜರಿಯವನು ಏನು ಮಾಡುತ್ತಾನೆ? ಕಂಪ್ರೆಸರ್ ಬೇಕು ಅವನಿಗೆ. ಕೊಳವೆಗೆ ಇಕ್ಕಳ ಹಾಕಿ ಕತ್ತರಿಸುತ್ತಾನೆ, ಬುಸ್ಸೆಂದು ಅನಿಲ ಹೋಗಿಬಿಡುತ್ತದೆ. ಸರಿಯಾದ ಘಟಕದಲ್ಲಿ ಇದನ್ನು ಯಂತ್ರದಿಂದ ಹೀರಿ ಸಿಲಿಂಡರಿಗೆ ತುಂಬುತ್ತಾರೆ, ಎಣ್ಣೆಯನ್ನು ಬೇರೆ ತೆಗೆಯುತ್ತಾರೆ. ಆದ್ದರಿಂದ ಫ್ರಿಜ್ಜನ್ನು ಮಾತ್ರ ಬೀದಿಯ ತಕ್ಕಡಿಗೆ ಕೊಡಬೇಡಿ. ಕೊಡುವ ಹಿಂದಿನ ದಿನ ಪ್ಲಗ್ ತೆಗೆದು, ಮಂಜು ಕರಗಿಸಿ, ಒರೆಸಿ, ನೆಟ್ಟಗೇ ನಿಲ್ಲಿಸಿ ಇಡಿ. ಹಿಂದಿನ ಕೊಳವೆಗೆ ಏಟು ಬೀಳದಂತೆ ನೋಡಿಕೊಳ್ಳಿ. ಮೆಟ್ಟಿಲ ಕೆಳಗೋ, ಗ್ಯಾಲರಿಯಲ್ಲೋ ನಾಲ್ಕು ದಿನ ಇಡಬೇಕಾಗಿ ಬಂದರೆ ಬಾಗಿಲು ಕಳಚಿಡಿ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಹಳೆಯ ಫ್ರಿಜ್ಜಿನೊಳಗೆ ಹೊಕ್ಕು ಉಸಿರು ಕಟ್ಟಿ ಸತ್ತ ಘಟನೆಗಳು ಅನೇಕ ದೇಶಗಳಲ್ಲಿ ಆಗಿವೆ. ಒಳಗಿಂದ ತೆರೆಯಲು ಬರುವ ಬಾಗಿಲೇ ಇರಬೇಕೆಂದು ಅಮೆರಿಕದಲ್ಲಿ 1956ರಲ್ಲಿ ಕಾನೂನನ್ನೇ ಮಾಡಿದರು. ಹಿಡಿಕೆ ಎಳೆದರೆ ಟಪ್ಪೆಂದು ತೆರೆಯುತ್ತಿದ್ದ ಹಳೆಯ ಫ್ರಿಜ್ಜು ನಿಮ್ಮ ಅಜ್ಜನ ಮನೆಯಲ್ಲಿ ಇನ್ನೂ ಇದ್ದರೆ ಇದನ್ನು ನೆನಪಿಡಿ.

ಸಣ್ಣ ಸಾಮಾನಿನಲ್ಲೂ ಎರಡು ಮೂರು ಕಡೆ ಕಣ್ಣಿಡಬೇಕು. ನೀರಿನ ಫಿಲ್ಟರಿನಲ್ಲಿ ಯು.ವಿ. ದೀಪ ಇದ್ದರೆ ಅದರೊಳಗೆ ಸಾಮಾನ್ಯವಾಗಿ ಪಾದರಸ ಇರುತ್ತದೆ, ಟ್ಯೂಬ್‌ಲೈಟಿನ ಹಾಗೆಯೇ. ಒಡೆಯದಂತೆ ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಡಿ. ಅಡಿಗೆಮನೆಯ ತೂಕದ ಯಂತ್ರ, ಟೈಮರ್ ಇವುಗಳ ಬ್ಯಾಟರಿ ತೆಗೆಯಿರಿ. ಗುಂಡಿಯಂಥ ಬ್ಯಾಟರಿ ಕೂಸುಗಳ ಬಾಯಿಗೆ ಹೋದರೆ ಅನ್ನನಾಳ ಸುಟ್ಟುಹೋಗುತ್ತದೆ, ಎಲ್ಲೆಂದರಲ್ಲಿ ಇಡಬೇಡಿ. ಪ್ಲಗ್ಗಿನ ತಂತಿ ಕತ್ತರಿಸಿ ಇಟ್ಟುಕೊಳ್ಳುವ ಜಾಣತನವೂ ಬೇಡ. ಅದರಲ್ಲೇ ತಾಮ್ರ ಇರುವುದು, ಒಯ್ಯುವವರ ಪಾಲು ಅದು. ಕುಕ್ಕರು, ಬಾಣಲೆ, ಗ್ಯಾಸಿನ ಕಟ್ಟೆಗಳಿಗೆ ಈ ಯಾವ ಗೊಡವೆಯೂ ಇಲ್ಲ. ಬರೀ ಲೋಹ, ನಿಮ್ಮ ಸೊಸಾಯಿಟಿಗೆ ಬರುವ ಕಸದ ತಾಯಿಗೆ ಸಂತೋಷದಿಂದ ಕೊಡಿ. ಹಳೆಯ ಅಲ್ಯುಮಿನಿಯಮ್ ಕರಗಿಸಲು, ಅದಿರಿನಿಂದ ಹೊಸತು ತೆಗೆಯುವ ಶಕ್ತಿಯ ನೂರರಲ್ಲಿ ಐದು ಪಾಲು ಸಾಕು.

ವಿದ್ಯುತ್ತಿನ ಸಾಮಾನಿಗೆ ಈಗ ಕಾಯಿದೆ ಇದೆ. 2011ರಲ್ಲಿ ಮೊದಲ ನಿಯಮಗಳು ಬಂದವು, 2016ರಲ್ಲಿ ಬದಲಾದವು. ಆಗ ಅಡಿಗೆಮನೆಯಿಂದ ಫ್ರಿಜ್ಜು ಮಾತ್ರ ಆ ಪಟ್ಟಿಯಲ್ಲಿತ್ತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ ಪಟ್ಟಿ 21ರಿಂದ 106ಕ್ಕೆ ಏರಿತು. ಗ್ರೈಂಡರ್, ಟೋಸ್ಟರ್, ಮೈಕ್ರೊವೇವ್, ವಿದ್ಯುತ್ ಒಲೆ ಎಲ್ಲ ಸೇರಿದವು. ತಯಾರಿಸಿದ ಕಂಪನಿಗಳೇ ಪ್ರತಿವರ್ಷ ಗೊತ್ತುಪಡಿಸಿದ ತೂಕದಷ್ಟು ಹಳೆಯ ಸಾಮಾನು ಸರಿಯಾಗಿ ವಿಲೇವಾರಿ ಆಯಿತೆಂದು ನೋಂದಾಯಿತ ಘಟಕಗಳಿಂದ ಪ್ರಮಾಣಪತ್ರ ಪಡೆಯಬೇಕು. ಅಂದರೆ ನಿಮ್ಮ ಹಳೆಯ ಮಿಕ್ಸರಿನ ಹೊಣೆ ಕಂಪನಿಯದೂ ಹೌದು. ಈ ಕೆಲಸದಲ್ಲಿ ನಮ್ಮ ಕರ್ನಾಟಕ ಮುಂದೆ ಎಂದು ಹೆಮ್ಮೆಯಿಂದ ಹೇಳಬಹುದು. ಕಾಯಿದೆ ಬರುವ ಮೊದಲೇ, 2005ರಲ್ಲಿ, ಬೆಂಗಳೂರಿನ ಆಚೆ ದಾಬಸಪೇಟೆಯಲ್ಲಿ ಪಿ. ಪಾರ್ಥಸಾರಥಿ ಅವರ 'ಇ-ಪರಿಸರ' ಘಟಕ ಕೆಲಸ ಶುರು ಮಾಡಿತ್ತು. ದೇಶದಲ್ಲಿ ಸರ್ಕಾರದ ಅನುಮತಿ ಪಡೆದ ಮೊದಲ ಇಂಥ ಘಟಕ ಅದು.

ದಸರೆಯ "ಎಕ್ಸ್‌ಚೇಂಜ್ ಆಫರ್" ಬಂದಾಗ ಈ ಕಾಯಿದೆ ನೆನಪಿರಲಿ. ಒಂದು ಅಂಗಡಿಯಲ್ಲಿ ನಾನು ಕೇಳಿದೆ, ಈ ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು. ಮಾರುವ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿ, "ಕಾಕೂ, ಟೆಂಪೋದಲ್ಲಿ ಹೋಗುತ್ತದೆ" ಎಂದ. ಉತ್ತರ ಸುಳ್ಳಲ್ಲ! ನೀವು ಸುಮ್ಮನಾಗಬೇಡಿ. ಯಾವ ನೋಂದಾಯಿತ ಘಟಕಕ್ಕೆ ಹೋಗುತ್ತದೆ, ರಸೀದಿ ಕೊಡುತ್ತೀರಾ ಎಂದು ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಾಗಿರುತ್ತದೆ. ಇಂಗ್ಲಿಷು, ಮರಾಠಿ ನಿಮಗೆ ನಮಗಿಂತ ಚೆನ್ನಾಗಿ ಬರುತ್ತವೆ, ಈ ಕೆಲಸ ನಿಮ್ಮದೇ.

ಅಂಗಡಿಯ ಗೊಡವೆ ಬೇಡವೆಂದರೆ ಸ್ವಚ್ಛ ಸಂಸ್ಥೆ 'ವಿ-ಕಲೆಕ್ಟ್' ಎಂಬ ಹೆಸರಿನಲ್ಲಿ ಹಳೆಯ ಬಟ್ಟೆ, ಪೀಠೋಪಕರಣ, ವಿದ್ಯುತ್ ಸಾಮಾನುಗಳ ಸಂಗ್ರಹ ನಡೆಸುತ್ತ ಬಂದಿದೆ. ನಿಮ್ಮ ಸೊಸಾಯಿಟಿಗೆ ಬರುವ ತಾಯಿಯನ್ನೇ ಕೇಳಿದರೆ ದಿನ, ಜಾಗ ಹೇಳುತ್ತಾರೆ. ನನಗೆ ಈ ದಾರಿ ಎಲ್ಲಕ್ಕಿಂತ ಮೆಚ್ಚು. ಯಾಕೆ? ಎಲ್ಲರೂ ದೊಡ್ಡ ಕಂಪನಿಗೇ ಕೊಟ್ಟುಬಿಟ್ಟರೆ ಹೊಗೆ ನಿಲ್ಲುತ್ತದೆ ನಿಜ, ಆದರೆ ದಿನವೂ ನಮ್ಮ ಹಸಿ ಕಸಕ್ಕೆ ಕೈ ಹಾಕುವವಳಿಗೆ ಲಾಭದ ಸಾಮಾನು ತಪ್ಪುತ್ತದೆ, ನಾರುವುದು ಮಾತ್ರ ಉಳಿಯುತ್ತದೆ. ಅವಳ ಸಂಸ್ಥೆಯ ಮೂಲಕ ಹೋದರೆ ಅವಳ ಪಾಲೂ ಉಳಿಯುತ್ತದೆ, ತಂತಿಯೂ ಸುಡುವುದಿಲ್ಲ.

ಬೀದಿಯವನು ನೂರಿನ್ನೂರು ಹೆಚ್ಚು ಕೊಡುತ್ತಾನಲ್ಲ ಎಂದು ನಿಮ್ಮ ಅಮ್ಮ ಹೇಳುತ್ತಾರೆ. ಕೊಡುತ್ತಾನೆ, ಸುಳ್ಳಲ್ಲ. ಹೊಗೆಯ ಖರ್ಚು ಅವನ ಲೆಕ್ಕದಲ್ಲಿ ಇಲ್ಲವಾದ್ದರಿಂದ ಕೊಡಬಲ್ಲ. ಅಮ್ಮನ ಜೊತೆ ವಾದಕ್ಕೆ ನಿಲ್ಲಬೇಡಿ. ಆ ನೂರಿನ್ನೂರನ್ನು ನಿಮ್ಮ ಪಾಕೆಟ್ ಖರ್ಚಿನಿಂದ ಅವರ ಸಾಸಿವೆ ಡಬ್ಬಿಗೆ ಹಾಕಿ, ಸಾಮಾನನ್ನು ನೀವೇ ಒಯ್ಯಿರಿ.

ಪೈಪಿನ ಗ್ಯಾಸು ಬಂದ ಮನೆಗಳಲ್ಲಿ ಹಳೆಯ ರೆಗ್ಯುಲೇಟರು ಮಾಳಾ ಸೇರಿರುತ್ತದೆ. ನಮ್ಮ ವನಾಜಕ್ಕೆ ಹೆಸರು ಬಂದದ್ದೇ ಗ್ಯಾಸಿನ ರೆಗ್ಯುಲೇಟರು ಮಾಡುವ ಕಾರಖಾನೆಯಿಂದ ಎಂದು ನಿಮಗೆ ಗೊತ್ತಿತ್ತೇ? ಸಿಲಿಂಡರನ್ನಾಗಲಿ, ರೆಗ್ಯುಲೇಟರನ್ನಾಗಲಿ ಗುಜರಿಗೆ ಕೊಡಬಾರದು. ಅವು ನಮ್ಮವಲ್ಲ, ಠೇವಣಿಯ ಮೇಲೆ ತಂದವು. ಗ್ಯಾಸ್ ಕೊಟ್ಟ ಏಜೆನ್ಸಿಗೆ ಹಿಂತಿರುಗಿಸಿದರೆ ಆ ಠೇವಣಿ ವಾಪಸು ಬರುತ್ತದೆ. ಅದರ ಚೀಟಿ ಅಪ್ಪನ ಹಳೆಯ ಫೈಲಿನಲ್ಲಿ ರೇಶನ್ ಕಾರ್ಡಿನ ಹಿಂದೆ ಇರುತ್ತದೆ, ಹುಡುಕಿ.

ಕಡೆಯದಾಗಿ, ಕೆಲವು ಓದುಗರು ಸಂಘದ ಕಾರ್ಯಕ್ರಮದಲ್ಲಿ ಸಿಕ್ಕು, ಊರಿಂದ ತಂದ ರುಬ್ಬುವ ಕಲ್ಲು ಏನು ಮಾಡಬೇಕು ಎಂದು ಕೇಳಿದ್ದರು. ಲಿಫ್ಟಿಲ್ಲದ ಮೂರನೆಯ ಮಜಲಿನಿಂದ ಅದನ್ನು ಇಳಿಸಲು ಇಬ್ಬರು ಗಟ್ಟಿಗರು ಬೇಕು. ಗುಜರಿಯವನು ಮುಟ್ಟುವುದಿಲ್ಲ, ಯಾವ ಕಾಯಿದೆಯ ಪಟ್ಟಿಯಲ್ಲೂ ಅದು ಇಲ್ಲ, ಅದರಿಂದ ಯಾರಿಗೂ ವಿಷವಿಲ್ಲ. ನಮ್ಮ ಕಟ್ಟಡದಲ್ಲಿ ಒಬ್ಬರು ಅಂಗಳದ ಪಾರಿಜಾತದ ಬುಡದಲ್ಲಿ ಇಟ್ಟಿದ್ದಾರೆ. ಕುಳಿಯಲ್ಲಿ ನೀರು ತುಂಬಿಸುತ್ತಾರೆ, ಬೇಸಿಗೆಯಲ್ಲಿ ಬುಲ್‌ಬುಲ್ ಹಕ್ಕಿಗಳು ಬಂದು ಮೀಯುತ್ತವೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಿಸಬೇಕು, ಇಲ್ಲವಾದರೆ ಸೊಳ್ಳೆ.